ಬಿದ್ದ ಮರ ಎತ್ತಬೇಕಾ, ಬಿಡಬೇಕಾ?

ಪ್ರಶ್ನೆ: ನಮ್ಮ ಕುಟುಂಬಕ್ಕೆ ಸೇರಿದ ಸುಮಾರು ಆರು ಎಕರೆ ಕಾಡು ಇದೆ. ಒಂದು ಭಾಗದಲ್ಲಿ ಹಳೆಯ ಮರಗಳಿವೆ. ಉಳಿದದ್ದು ಹಿಂದೆ ಒಂದೇ ಜಾತಿಯ ಮರ ನೆಟ್ಟು ಬೆಳೆಸಿದ ನೆಡುತೋಪು. ಅದನ್ನು ಮತ್ತೆ ಸಹಜ ಕಾಡು ಮಾಡಬೇಕು ಅಂತ ಕೆಲವು ವರ್ಷಗಳಿಂದ ಕಡಿಯುವುದು ನಿಲ್ಲಿಸಿ, ಬೇರೆ ಬೇರೆ ಸ್ಥಳೀಯ ಜಾತಿಯ ಸಸಿ ನೆಡುತ್ತಿದ್ದೇವೆ. ಈಚಿನ ಬಿರುಗಾಳಿಗೆ ಹತ್ತಿಪ್ಪತ್ತು ಮರ ಬಿದ್ದವು. ಎರಡು ದೊಡ್ಡ ಮರ ನಿಂತಲ್ಲೇ ಒಣಗಿವೆ, ಅದರಲ್ಲಿ ಒಂದು ಕಾಲುದಾರಿಯ ಪಕ್ಕದಲ್ಲೇ ಇದೆ. ಹಳ್ಳಕ್ಕೆ ಅಡ್ಡಲಾಗಿ ಒಂದು ಮರ ಬಿದ್ದಿದೆ. ನಾನು ಎಲ್ಲವನ್ನೂ ಹಾಗೇ ಬಿಟ್ಟಿದ್ದೇನೆ. ಆದರೆ ಮನೆಯವರು, ಅಕ್ಕಪಕ್ಕದವರು ಒಪ್ಪುತ್ತಿಲ್ಲ. “ಗೆದ್ದಲು ಬರುತ್ತೆ, ಹುಳ ಒಳ್ಳೆ ಮರಕ್ಕೂ ಹತ್ತುತ್ತೆ, ಬೆಂಕಿ ಬಿದ್ದರೆ ಎಲ್ಲ ಹೋಗುತ್ತೆ, ಹಾವು ಸೇರ್ಕೊಳ್ಳುತ್ತೆ” ಅಂತಾರೆ. ಮರ ಕೊಳ್ಳೋಕೂ ಒಬ್ಬರು ಬಂದು ಹೋದರು. ಬಿದ್ದ ಮರ ಬಿಟ್ಟರೆ ನಿಜಕ್ಕೂ ಕಾಡಿಗೆ ಲಾಭ ಇದೆಯಾ? ಎಷ್ಟು ಬಿಡಬೇಕು? ಅಪಾಯ ಏನು?

ಉತ್ತರ: ಗೆದ್ದಲು, ಹುಳ, ಬೆಂಕಿ, ಹಾವು. ನಿಮ್ಮ ಮನೆಯವರ ಈ ನಾಲ್ಕೂ ಭಯದಲ್ಲಿ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಬಿದ್ದದ್ದಕ್ಕೆಲ್ಲ ಆ ಭಯ ಒಂದೇ ಥರ ಹೊಂದುವುದಿಲ್ಲ. ಕಾಡು ಮರಳಿ ಬೆಳೆಸುವ ಕೆಲಸದಲ್ಲಿ ನಾನು ಹೋದಲ್ಲೆಲ್ಲ ಕಂಡ ಗೊಂದಲ ಇದೇ. ಬೆರಳು ಗಾತ್ರದ ಕಡ್ಡಿ, ತೊಡೆ ಗಾತ್ರದ ಕೊಂಬೆ, ತಬ್ಬಿದರೆ ಕೈ ಸೇರದ ದಿಮ್ಮಿ, ಎಲ್ಲವನ್ನೂ ‘ಒಣಮರ’ ಅಂತ ಒಂದೇ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ. ನೀವು ಹೆದರಬೇಕಾದ ಅಪಾಯ ಹೆಚ್ಚಾಗಿ ಇರುವುದು ಸಣ್ಣ ಕಟ್ಟಿಗೆಯಲ್ಲಿ. ಕಾಡಿಗೆ ಬೇಕಾದ ಜೀವ ಹೆಚ್ಚಾಗಿ ಇರುವುದು ದಪ್ಪ ದಿಮ್ಮಿಯಲ್ಲಿ. ಕೊಳ್ಳೋಕೆ ಬಂದವರು ಕೇಳುವುದೂ ಆ ದಪ್ಪ ದಿಮ್ಮಿಯನ್ನೇ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ದೊಡ್ಡವನ್ನು ಮಾರಬೇಡಿ. ಉಳಿದದ್ದನ್ನು ಒಂದೊಂದಾಗಿ ನೋಡೋಣ.

ಲಾಭ ಇದೆಯಾ ಅಂತ ಕೇಳಿದ್ದೀರಿ. ಫಿನ್ಲೆಂಡ್‌ನ ಕಾಡುಗಳಲ್ಲಿ ಲೆಕ್ಕ ಹಾಕಿದಾಗ, ಅಲ್ಲಿನ ಕಾಡುಜೀವಿಗಳಲ್ಲಿ ಶೇ 20–25ರಷ್ಟು, ಅಂದರೆ 4,000–5,000 ಜಾತಿಗಳು ಸತ್ತ ಮರವನ್ನು ನೆಚ್ಚಿಕೊಂಡು ಬದುಕುತ್ತವೆ ಅಂತ ಕಂಡುಬಂತು. ದುಂಬಿ, ಅಣಬೆ, ಪಾಚಿ, ಕಲ್ಲುಹೂವು, ನೊಣ, ಕಣಜ, ಹಕ್ಕಿ ಎಲ್ಲ ಇದರಲ್ಲಿ ಸೇರಿವೆ. ಬದುಕಿರುವ ದೊಡ್ಡ ಮರದ ಕಾಂಡದಲ್ಲಿ ಜೀವಂತ ಕೋಶಗಳ ಪಾಲು ತೀರಾ ಕಡಿಮೆ. ಅದೇ ಕಾಂಡ ಸತ್ತು ಬಿದ್ದ ಮೇಲೆ ಅದರೊಳಗಿನ ಜೀವ ಜಾಸ್ತಿಯಾಗುತ್ತದೆ.

ನಂಬಿಕೆ ಬರಬೇಕಾದರೆ ಬಿದ್ದ ಮರಗಳಲ್ಲಿ ಒಂದರ ಪಕ್ಕ ಸ್ವಲ್ಪ ಹೊತ್ತು ಕೂತು ನೋಡಿ. ತೊಗಟೆಯ ಮೇಲೆ ಗುಂಡುಸೂಜಿ ಚುಚ್ಚಿದಷ್ಟು ಸಣ್ಣ ತೂತುಗಳಿವೆಯಾ? ತೂತಿನ ಬಾಯಲ್ಲಿ ಬಿಳಿ ಪುಡಿ ಇದೆಯಾ? ಇದ್ದರೆ ಅದು ಬಹುಶಃ ಆಂಬ್ರೋಸಿಯಾ ದುಂಬಿಯ ಕೆಲಸ. ಈ ದುಂಬಿ ಮರವನ್ನು ತಿನ್ನುವುದಿಲ್ಲ. ಬರುವಾಗಲೇ ಒಂದು ಶಿಲೀಂಧ್ರವನ್ನು ಮೈಯಲ್ಲಿ ಹೊತ್ತು ತರುತ್ತದೆ. ಕೊರೆದ ಸುರಂಗದ ಗೋಡೆಯಲ್ಲಿ ಅದನ್ನು ಬೆಳೆಸಿ, ತಾನೂ ತಿಂದು ಮರಿಗಳಿಗೂ ತಿನ್ನಿಸುತ್ತದೆ.

ಇನ್ನು ಸಡಿಲಾದ ತೊಗಟೆಯ ಒಂದು ತುಂಡನ್ನು ಮೆಲ್ಲಗೆ ಎತ್ತಿ. ಒಳಮೈಯಲ್ಲಿ ಕೆತ್ತಿದ ಹಾಗೆ ಗೆರೆಗಳು ಕಂಡಾವು. ನಡುವೆ ಒಂದು ಗೆರೆ, ಅದರಿಂದ ಎರಡೂ ಬದಿಗೆ ಹೊರಟ ಸಣ್ಣ ಗೆರೆಗಳು. ನಡುವಿನದು ತಾಯಿ ದುಂಬಿ ಮೊಟ್ಟೆ ಇಡುತ್ತ ಹೋದ ದಾರಿ. ಬದಿಯವು ಮರಿಹುಳಗಳು ತಿನ್ನುತ್ತ ಹೋದ ದಾರಿ. ಹುಳ ಬೆಳೆದ ಹಾಗೆಲ್ಲ ಆ ಗೆರೆ ಅಗಲವಾಗುತ್ತ ಹೋಗಿ ಒಂದು ಕಡೆ ನಿಂತುಬಿಡುತ್ತದೆ. ಅಲ್ಲಿ ಅದು ಕೋಶ ಕಟ್ಟಿ, ರೆಕ್ಕೆ ಬಂದ ಮೇಲೆ ತೊಗಟೆ ಕೊರೆದು ಹಾರಿಹೋಗಿದೆ. ನೋಡಿ ಆದ ಮೇಲೆ ತೊಗಟೆಯನ್ನು ಇದ್ದ ಹಾಗೇ ಮುಚ್ಚಿಬಿಡಿ. ಅದರಡಿ ಜೇಡ, ಶತಪದಿ, ಹಲ್ಲಿಗಳ ಮನೆ ಇರುತ್ತದೆ. ನಿಂತ ಒಣಮರದಲ್ಲಿ ಹೀಗೆ ಎದ್ದ ತೊಗಟೆಯಡಿ ಕೆಲವು ಜಾತಿಯ ಬಾವಲಿಗಳು ಹಗಲು ಕಳೆಯುತ್ತವೆ.

ಇನ್ನೂ ಹಳೆಯ ದಿಮ್ಮಿ ಇದ್ದರೆ ಮುರಿದ ಜಾಗ ನೋಡಿ. ಮರ ಬಿಳಿಚಿಕೊಂಡು ನಾರುನಾರಾಗಿದ್ದರೆ ಅದನ್ನು ಬಿಳಿ ಕೊಳೆತ ಅನ್ನುತ್ತೇವೆ. ಅಲ್ಲಿನ ಅಣಬೆಗೆ ಮರದ ಗಟ್ಟಿ ಅಂಶವಾದ ಲಿಗ್ನಿನ್ ಅನ್ನೂ ಒಡೆಯುವ ಶಕ್ತಿ ಇದೆ. ಕಂದು ಬಣ್ಣಕ್ಕೆ ತಿರುಗಿ, ಚೌಕಚೌಕವಾಗಿ ಬಿರುಕು ಬಿಟ್ಟು, ಬೆರಳಲ್ಲಿ ಉಜ್ಜಿದರೆ ಪುಡಿಯಾದರೆ ಅದು ಕಂದು ಕೊಳೆತ. ಅಲ್ಲಿ ಅಣಬೆ ಸೆಲ್ಯುಲೋಸ್ ತಿಂದು ಲಿಗ್ನಿನ್ ಬಹುಪಾಲು ಬಿಟ್ಟಿದೆ. ಕೆಲವು ಸಲ ಬಿಳಿ ಮರದಲ್ಲಿ ಪೆನ್ನಿನಲ್ಲಿ ಎಳೆದಂಥ ಕಪ್ಪು ಗೆರೆ ಕಾಣುತ್ತದೆ. ಎರಡು ಅಣಬೆಗಳು ಎದುರುಬದುರಾಗಿ ಬೆಳೆದು, ಒಂದು ಇನ್ನೊಂದನ್ನು ಒಳಗೆ ಬಿಡದೆ ಕಟ್ಟಿಕೊಂಡ ಗಡಿ ಅದು. ಒಂದೇ ದಿಮ್ಮಿಯಲ್ಲಿ ಇಂಥ ಎಷ್ಟೋ ಅಣಬೆಗಳು ಜಾಗ ಹಂಚಿಕೊಂಡಿರುತ್ತವೆ. ಒಂದೊಂದು ಅಣಬೆಗೂ ಅದನ್ನೇ ತಿನ್ನುವ ಬೇರೆ ದುಂಬಿಗಳಿವೆ.

ಕೊನೆಯ ಹಂತದಲ್ಲಿ ಚಾಕುವಿನ ಮೊನೆ ಒತ್ತದೆಯೇ ಒಳಗೆ ಹೋಗುತ್ತದೆ. ಆಗ ದಿಮ್ಮಿ ಸ್ಪಂಜಿನಂತೆ ನೀರು ಹಿಡಿದಿಡುತ್ತದೆ. ಸುತ್ತಲಿನ ನೆಲ ಒಣಗಿದಾಗಲೂ ಅದರೊಳಗೆ ಪಸೆ ಇರುತ್ತದೆ. ಕಪ್ಪೆ, ಹಾವುರಾಣಿ, ಎರೆಹುಳ, ಸಹಸ್ರಪದಿ ಅಲ್ಲಿಗೆ ಬರುವುದು ಅದಕ್ಕೇ.

ಸಸಿಗಳಿಗೂ ಇಂಥ ದಿಮ್ಮಿ ಬೇಕು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಹೋ ಎಂಬ ಮಳೆಕಾಡಿದೆ. ಅಲ್ಲಿ ನೆಲದ ಮೇಲೆ ಪಾಚಿ, ಜರೀಗಿಡ ಎಷ್ಟು ದಟ್ಟ ಅಂದರೆ ಮರದ ಬೀಜಕ್ಕೆ ಬೇರೂರಲು ಜಾಗವೇ ಸಿಗುವುದಿಲ್ಲ. ಹೆಮ್‌ಲಾಕ್, ಸ್ಪ್ರೂಸ್ ಸಸಿಗಳು ಬಿದ್ದ ದಿಮ್ಮಿಯ ಬೆನ್ನ ಮೇಲೆ ಮೊಳೆತು, ಬೇರುಗಳನ್ನು ಎರಡೂ ಕಡೆ ಕೆಳಗಿಳಿಸಿ ನೆಲ ಹಿಡಿಯುತ್ತವೆ. ದಿಮ್ಮಿ ಪೂರ್ತಿ ಕರಗಿಹೋದ ಮೇಲೂ ದೊಡ್ಡ ಮರಗಳು ನೆಟ್ಟ ಹಾಗೆ ಒಂದೇ ಸಾಲಿನಲ್ಲಿ ನಿಂತಿರುವುದು ಅಲ್ಲಿ ಕಾಣುತ್ತದೆ. ಎಲ್ಲ ಕಾಡಿನಲ್ಲೂ ಇಷ್ಟು ಎದ್ದು ಕಾಣಲಿಕ್ಕಿಲ್ಲ. ಆದರೆ ಬಿದ್ದ ದಿಮ್ಮಿಯ ನೆರಳು ಬೀಳುವ ಬದಿಯಲ್ಲಿ ತೇವ ಜಾಸ್ತಿ, ಕೊಂಬೆಗಳ ನಡುವೆ ಮೇಯುವ ಪ್ರಾಣಿಗಳ ಬಾಯಿಯೂ ಸುಲಭವಾಗಿ ಹೋಗುವುದಿಲ್ಲ. ನೀವು ನೆಡುವ ಸಸಿಗಳಲ್ಲಿ ಕೆಲವನ್ನು ಅಲ್ಲೇ ನೆಡಿ. ಇಳಿಜಾರಿನ ಜಾಗವಾದರೆ ಅಡ್ಡಲಾಗಿ ಬಿದ್ದ ದಿಮ್ಮಿಯ ಮೇಲ್ಬದಿಯಲ್ಲಿ ಮಣ್ಣು, ತರಗೆಲೆ ನಿಲ್ಲುತ್ತದೆ. ಅದು ಇನ್ನೂ ಒಳ್ಳೆಯ ಜಾಗ.

“ಕೊಳೆಯುವ ಮರ ಮಣ್ಣಿನ ಸತ್ವ ಹೀರುತ್ತೆ” ಅಂತಲೂ ಕೆಲವರು ಹೇಳಿಯಾರು. ಇದರಲ್ಲಿ ಅರ್ಧ ನಿಜ ಇದೆ. ಮರದಲ್ಲಿ ಇಂಗಾಲ ತುಂಬಾ ಜಾಸ್ತಿ, ಸಾರಜನಕ ತುಂಬಾ ಕಡಿಮೆ. ಮರವನ್ನು ಚೂರು ಮಾಡಿ ಮಣ್ಣಿನಲ್ಲಿ ಕಲಸಿದರೆ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಸಸಿ ಹಳದಿಯಾಗುತ್ತದೆ. ನೆಲದ ಮೇಲೆ ಇಡೀ ದಿಮ್ಮಿ ಮಲಗಿದ್ದರೆ ಈ ತೊಂದರೆ ಇಲ್ಲ. ಬಿದ್ದ ಮರವನ್ನು ಯಂತ್ರಕ್ಕೆ ಕೊಟ್ಟು ಚೂರು ಮಾಡಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅದರೊಳಗಿನ ಮನೆಗಳೆಲ್ಲ ಒಂದೇ ದಿನದಲ್ಲಿ ಹೋಗುತ್ತವೆ.

ನಿಮ್ಮ ನೆಡುತೋಪಿನ ಬಗ್ಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಕಾಡು ಮರಳಿ ಬೆಳೆಸುವವರು ಸಸಿ ಎಣಿಸುತ್ತಾರೆ. ಆದರೆ ನೆಡುತೋಪಿನಲ್ಲಿ ನಿಜವಾಗಿ ಇಲ್ಲದಿರುವುದು ಮುದಿ ಮರ ಮತ್ತು ದಪ್ಪ ಸತ್ತ ಮರ. ಇವತ್ತು ನೆಟ್ಟ ಸಸಿ ದಪ್ಪ ದಿಮ್ಮಿಯಾಗಿ ಬೀಳಲು ಹಲವು ದಶಕ ಬೇಕು. ಅಷ್ಟು ಕಾಲ ಕಾಯಲಾಗದ ಜೀವಿಗಳಿವೆ. ಯುರೋಪಿನ ಹರ್ಮಿಟ್ ದುಂಬಿಯನ್ನೇ ನೋಡಿ. ಅದು ಹಳೆ ಮರದ ಪೊಟರೆಯಲ್ಲಿ ಸೇರಿದ ಮರದ ಪುಡಿಯಲ್ಲಿ ಬೆಳೆಯುತ್ತದೆ. ಹುಟ್ಟಿದ ಮರ ಬಿಟ್ಟು ಹೊರಹೋಗುವವು ಕಡಿಮೆ, ಹೋದರೂ ಬಹುಪಾಲು ಕೆಲವು ನೂರು ಮೀಟರ್ ಅಷ್ಟೇ. ಹತ್ತಿರದಲ್ಲಿ ಇನ್ನೊಂದು ಅಂಥ ಮರ ಇಲ್ಲದಿದ್ದರೆ ಆ ವಂಶ ಅಲ್ಲಿಗೆ ಮುಗಿಯಿತು. ಸ್ವೀಡನ್‌ನಲ್ಲಿ ಬಿಳಿಬೆನ್ನಿನ ಮರಕುಟಿಗ ಅಳಿವಿನ ಅಂಚಿಗೆ ಬಂದದ್ದಕ್ಕೂ ದೊಡ್ಡ ಕಾರಣ ಇದೇ. ಅದು ಸತ್ತ ಬರ್ಚ್, ಆಸ್ಪೆನ್‌ನಂಥ ಅಗಲೆಲೆ ಮರಗಳಲ್ಲಿ ಹುಳ ಹುಡುಕಿ ತಿನ್ನುತ್ತದೆ. ಅಂಥ ಮರಗಳು ಕಾಡಿನಲ್ಲಿ ಉಳಿಯಲೇ ಇಲ್ಲ. ನಿಮ್ಮ ಹಳೆಯ ಭಾಗದಲ್ಲಿ ಬಿದ್ದ ಮತ್ತು ಒಣಗಿದ ಮರಗಳು ಈ ನಡುವಿನ ದಶಕಗಳನ್ನು ತುಂಬುವ ಏಕೈಕ ಸಾಮಗ್ರಿ. ಅದಕ್ಕೇ ಮಾರಬೇಡಿ ಅಂದೆ.

ಈಗ ಗೆದ್ದಲು. ಜಗತ್ತಿನಲ್ಲಿ ಗೆದ್ದಲು ಜಾತಿಗಳು 3,000ದ ಆಸುಪಾಸಿನಲ್ಲಿವೆ. ಕಟ್ಟಡಕ್ಕೆ ತೊಂದರೆ ಕೊಡುವವು ಅದರಲ್ಲಿ ಸಣ್ಣ ಪಾಲು. ಬಿಸಿ ಪ್ರದೇಶದ ಕಾಡಿನಲ್ಲಿ ಗೆದ್ದಲು ನೀವು ಮರ ಬಿಟ್ಟಿದ್ದರಿಂದ ಬರುವುದಲ್ಲ, ಅದು ಅಲ್ಲಿ ಮೊದಲೇ ಇದೆ. ಇರಲೂಬೇಕು. ಬೋರ್ನಿಯೋದ ಮಳೆಕಾಡಿನಲ್ಲಿ 2015–16ರ ಬರಗಾಲದ ಹೊತ್ತಿಗೆ ಒಂದು ಪ್ರಯೋಗ ನಡೆದಿತ್ತು. ಕೆಲವು ಕಡೆ ಗೆದ್ದಲನ್ನು ಕಡಿಮೆ ಮಾಡಿದರು, ಕೆಲವು ಕಡೆ ಇದ್ದ ಹಾಗೇ ಬಿಟ್ಟರು. ಗೆದ್ದಲು ಇದ್ದ ಕಡೆ ಬರದಲ್ಲೂ ಮಣ್ಣಿನಲ್ಲಿ ತೇವ ಜಾಸ್ತಿ ಉಳಿಯಿತು. ಅಲ್ಲಿ ಬದುಕುಳಿದ ಸಸಿಗಳ ಪ್ರಮಾಣವೂ ಶೇ 51ರಷ್ಟು ಹೆಚ್ಚಾಗಿತ್ತು. ಸಸಿ ನೆಡುತ್ತಿರುವ ನಿಮಗೆ ಇದು ಬಹಳ ಮುಖ್ಯ. ಹಾಗಂತ ಮನೆಯ ಗೋಡೆಗೆ ತಾಗಿಸಿ ದಿಮ್ಮಿ ಇಡಬಾರದು. ಮನೆ, ಕೊಟ್ಟಿಗೆ, ಮರದ ಬೇಲಿಯ ಸುತ್ತ ಬಿದ್ದ ಮರ ಇಲ್ಲದ ಹಾಗೆ ನೋಡಿಕೊಂಡರೆ ಗೆದ್ದಲಿನ ಭಯಕ್ಕೆ ಅಷ್ಟು ಸಾಕು.

ಹುಳದ ಪ್ರಶ್ನೆ ಇಷ್ಟು ಸುಲಭದ್ದಲ್ಲ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸತ್ತ ಮರ ತಿನ್ನುವ ಹುಳಗಳಲ್ಲಿ ಹೆಚ್ಚಿನವು ಬದುಕಿರುವ ಮರದ ತಂಟೆಗೆ ಹೋಗುವುದಿಲ್ಲ. ಹೋಗಲು ಆಗುವುದೂ ಇಲ್ಲ. ಆರೋಗ್ಯವಾದ ಮರ ರಾಳ ಸುರಿಸುತ್ತದೆ, ವಿಷದಂಥ ರಾಸಾಯನಿಕ ತಯಾರಿಸುತ್ತದೆ. ಅದರ ಹೊರಪದರದ ಮರ ನೀರಿನಿಂದ ತುಂಬಿರುವುದರಿಂದ ಅಣಬೆಗೆ ಉಸಿರಾಡಲು ಗಾಳಿಯೂ ಸಿಗುವುದಿಲ್ಲ. ಹಳೆಯ, ಮೆತ್ತಗಾದ ದಿಮ್ಮಿಯಿಂದ ನಿಮ್ಮ ಮರಗಳಿಗೆ ರೋಗ ಬರುತ್ತದೆ ಅನ್ನುವುದು ತಪ್ಪು ತಿಳಿವಳಿಕೆ.

ಅಪವಾದಗಳಿವೆ. ಮೊದಲನೆಯದು ತೊಗಟೆ ದುಂಬಿ. ಯುರೋಪಿನ ಸ್ಪ್ರೂಸ್ ತೊಗಟೆ ದುಂಬಿ ಹೊಸದಾಗಿ ಬಿದ್ದ ಮರದಲ್ಲಿ ಸಂತಾನ ಬೆಳೆಸಿ, ಸಂಖ್ಯೆ ವಿಪರೀತವಾದಾಗ ನಿಂತ ಮರದ ಮೇಲೂ ಒಟ್ಟಾಗಿ ಬೀಳುತ್ತದೆ. ಜರ್ಮನಿಯ ಬವೇರಿಯನ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನದಲ್ಲಿ 1983ರ ಬಿರುಗಾಳಿಗೆ ಬಿದ್ದ ಮರಗಳನ್ನು ಎತ್ತದೆ ಬಿಟ್ಟರು. ಮುಂದೆ, ಮುಖ್ಯವಾಗಿ 1990ರ ದಶಕದಲ್ಲಿ, ದುಂಬಿ ಹೆಚ್ಚಿ ಸಾವಿರಾರು ಹೆಕ್ಟೇರ್ ಸ್ಪ್ರೂಸ್ ಒಣಗಿತು. ಸುತ್ತಲಿನ ಜನಕ್ಕೆ ಅದು ದೊಡ್ಡ ಆಘಾತವಾಗಿತ್ತು. ಆ ಒಣಗಿದ ಕಾಂಡಗಳ ಕೆಳಗೆ ಈಗ ಯಾರೂ ನೆಡದ ಹೊಸ ಕಾಡು ಎದ್ದಿದೆ, ಅಪರೂಪದ ದುಂಬಿ, ಅಣಬೆಗಳೂ ಮರಳಿವೆ. ಆದರೆ ಉದ್ಯಾನದ ಅಂಚಿನಲ್ಲಿ, ಪಕ್ಕದವರ ಕಾಡಿಗೆ ತೊಂದರೆ ಆಗದ ಹಾಗೆ, ದುಂಬಿ ಹತ್ತಿದ ಮರ ಕಡಿದು ತೆಗೆಯುವುದನ್ನು ಅವರು ಬಿಟ್ಟಿಲ್ಲ. ಇದು ನನಗೆ ಸರಿಯಾದ ದಾರಿ ಅನಿಸುತ್ತದೆ. ನಡುವೆ ಬಿಡಿ, ಅಂಚಿನಲ್ಲಿ ನೆರೆಯವರನ್ನು ನೋಡಿ.

ನಿಮ್ಮ ನೆಡುತೋಪು ಒಂದೇ ಜಾತಿಯದ್ದು ಅಂದಿದ್ದೀರಿ. ಅದೇ ಜಾತಿಯ ಮರ ಹತ್ತಾರು ಬಿದ್ದಿದ್ದು, ಆ ಜಾತಿಗೆ ತೊಗಟೆ ದುಂಬಿಯ ಕಾಟ ಇದೆ ಅಂತ ಗೊತ್ತಿದ್ದರೆ ಮಾತ್ರ ಮೊದಲ ಒಂದೆರಡು ಬೇಸಿಗೆ ಎಚ್ಚರ ಬೇಕು. ಈ ದುಂಬಿಗೆ ಹಸಿ ಒಳತೊಗಟೆಯೇ ಬೇಕು. ಅದು ಒಣಗಿದ ಮೇಲೆ ದಿಮ್ಮಿಯಿಂದ ಅಪಾಯ ಇಲ್ಲ. ಆ ಅವಧಿಯಲ್ಲಿ ಮರವನ್ನು ಸಾಗಿಸಬೇಕು ಅಂತಿಲ್ಲ. ತೊಗಟೆ ಸುಲಿದು ದಿಮ್ಮಿಯನ್ನು ಅಲ್ಲೇ ಬಿಡಬಹುದು. ಪೂರ್ತಿ ಸುಲಿಯುವ ಬದಲು ತೊಗಟೆಯಲ್ಲಿ ಉದ್ದುದ್ದಕ್ಕೆ ಹತ್ತಿರ ಹತ್ತಿರ ಗೀರು ಹಾಕಿದರೂ ತೊಗಟೆ ದುಂಬಿ ಬೆಳೆಯುವುದಿಲ್ಲ, ಮರದೊಳಗಿನ ಉಳಿದ ಜೀವಿಗಳಿಗೆ ಜಾಗವೂ ಉಳಿಯುತ್ತದೆ.

ಎರಡನೆಯದು ಬೇರು ರೋಗ. ನಿಂತಲ್ಲೇ ಒಣಗಿದ ಆ ಎರಡು ಮರ ಯಾಕೆ ಸತ್ತವು ಅಂತ ನೋಡಿದ್ದೀರಾ? ವಯಸ್ಸಾಗಿ, ಸಿಡಿಲು ಬಡಿದು, ನೀರಿಲ್ಲದೆ ಸತ್ತಿದ್ದರೆ ಚಿಂತೆ ಇಲ್ಲ. ಆದರೆ ಒಂದು ಮರದಿಂದ ಶುರುವಾಗಿ ಸುತ್ತಲಿನ ಮರಗಳೂ ಒಂದೊಂದಾಗಿ ಒಣಗುತ್ತಿದ್ದರೆ ಬುಡದ ತೊಗಟೆ ಎಬ್ಬಿಸಿ ನೋಡಿ. ಬಿಳಿ ಪೊರೆಯಂಥ ಬೂಜು, ಬೇರಿನ ಮೇಲೆ ಕಪ್ಪು ದಾರದಂಥ ಎಳೆ ಕಂಡರೆ ಅದು ಆರ್ಮಿಲೇರಿಯ ಅನ್ನುವ ಬೇರುಕೊಳೆ ಅಣಬೆ ಇರಬಹುದು. ಇದು ಹಳೆಯ ಬೊಡ್ಡೆಯಲ್ಲಿ ಇದ್ದುಕೊಂಡೇ ಬದುಕಿರುವ ಬೇರಿಗೂ ಹಬ್ಬಬಲ್ಲದು. ಆಗಲೂ ಕಾಂಡ ಸಾಗಿಸಿದರೆ ಪ್ರಯೋಜನ ಇಲ್ಲ, ರೋಗ ಇರುವುದು ಬೇರಿನಲ್ಲಿ. ಅಲ್ಲಿ ಬೇರೆ ಜಾತಿಯ ಸಸಿ ನೆಡುವುದು, ಸ್ವಲ್ಪ ದೂರ ಬಿಡುವುದು ಒಳ್ಳೆಯದು. ಮೊದಲು ಸಸ್ಯರೋಗ ತಜ್ಞರಿಗೆ ಮಾದರಿ ತೋರಿಸಿ.

ಮೂರನೆಯದು ಹೊರಗಿನಿಂದ ಬರುವ ಹುಳ. ಏಷ್ಯಾದ ಎಮರಾಲ್ಡ್ ಆ್ಯಶ್ ಬೋರರ್ ದುಂಬಿ 2002ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಪತ್ತೆಯಾಯಿತು. ಆಮೇಲೆ ಅಲ್ಲಿ ಕೋಟಿಗಟ್ಟಲೆ ಆ್ಯಶ್ ಮರಗಳನ್ನು ಕೊಂದಿತು. ಅದು ದೂರದೂರಕ್ಕೆ ಹರಡಲು ಒಂದು ದೊಡ್ಡ ಕಾರಣ ಜನ ಸೌದೆಯನ್ನು ಗಾಡಿಯಲ್ಲಿ ಹಾಕಿಕೊಂಡು ಹೋದದ್ದು. ಹಾಗಾಗಿ ನಿಮ್ಮ ಕಾಡಿಗೆ ದಿಮ್ಮಿ ಕಡಿಮೆ ಅಂತ ದೂರದಿಂದ ತಂದು ಹಾಕಬೇಡಿ. ಇಲ್ಲಿಯದನ್ನು ದೂರಕ್ಕೆ ಕಳಿಸಲೂಬೇಡಿ. ಬಿದ್ದ ಮರ ಬಿದ್ದಲ್ಲೇ ಇದ್ದರೆ ಹುಳ ಹರಡುವ ಅಪಾಯ ಅತಿ ಕಡಿಮೆ.

ಬೆಂಕಿಯ ವಿಷಯದಲ್ಲಿ ನಿಮ್ಮ ನೆರೆಯವರ ಮಾತು ಹಗುರವಾಗಿ ತೆಗೆದುಕೊಳ್ಳಬೇಡಿ. ಆದರೆ ಬೆಂಕಿ ಯಾವುದರಿಂದ ಓಡುತ್ತದೆ ಅಂತ ತಿಳಿದುಕೊಳ್ಳಿ. ಕಾಡ್ಗಿಚ್ಚಿನ ಲೆಕ್ಕ ಹಾಕುವವರು ಒಣ ಕಟ್ಟಿಗೆಯನ್ನು ದಪ್ಪದ ಮೇಲೆ ವಿಂಗಡಿಸುತ್ತಾರೆ. ಅರ್ಧ ಸೆಂಟಿಮೀಟರ್ ಆಸುಪಾಸಿನ ಕಡ್ಡಿ, ಹುಲ್ಲು, ತರಗೆಲೆ ಗಾಳಿಯ ಒಣಹವೆಗೆ ಸುಮಾರು ಒಂದು ಗಂಟೆಯಲ್ಲಿ ಹೊಂದಿಕೊಳ್ಳುತ್ತವೆ. ಎರಡೂವರೆ ಸೆಂಟಿಮೀಟರ್‌ವರೆಗಿನ ಕಡ್ಡಿಗೆ ಸುಮಾರು 10 ಗಂಟೆ, ಏಳೆಂಟು ಸೆಂಟಿಮೀಟರ್‌ವರೆಗಿನ ಕೊಂಬೆಗೆ 100 ಗಂಟೆ. ಅದಕ್ಕಿಂತ ದಪ್ಪದ್ದಕ್ಕೆ 1,000 ಗಂಟೆ, ಅಂದರೆ ಆರು ವಾರ. ಬೆಂಕಿ ಹತ್ತಿಕೊಳ್ಳುವುದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡುವುದು ಮೊದಲಿನ ಸಣ್ಣ ಕಟ್ಟಿಗೆಯಿಂದ. ನೆರಳಿನಲ್ಲಿ ನೆಲಕ್ಕೆ ತಾಗಿ ಮಲಗಿದ ದಪ್ಪ ದಿಮ್ಮಿ ಬೆಂಕಿಯನ್ನು ಓಡಿಸುವುದಿಲ್ಲ.

ಆದರೂ ದೀರ್ಘ ಒಣಹವೆಯಲ್ಲಿ ದಪ್ಪ ದಿಮ್ಮಿಯೂ ಒಣಗುತ್ತದೆ. ಆಗ ಹತ್ತಿಕೊಂಡರೆ ದಿನಗಟ್ಟಲೆ ಒಳಗೊಳಗೇ ಉರಿದು ಕೆಳಗಿನ ಮಣ್ಣನ್ನು ಸುಡುತ್ತದೆ. ನಿಂತ ಒಣಮರದ ತುದಿಗೆ ಬೆಂಕಿ ಹತ್ತಿದರೆ ಕಿಡಿ ಗಾಳಿಯಲ್ಲಿ ದೂರ ಹಾರುತ್ತದೆ. ಇದು ನಿಜವಾದ ಅಪಾಯ. ಹಾಗಾಗಿ ಹೀಗೆ ಮಾಡಿ. ಬಿದ್ದ ಮರದ ತುದಿಯ ಸಣ್ಣ ರೆಂಬೆಗಳನ್ನು ಕತ್ತರಿಸಿ ನೆಲಕ್ಕೆ ತಾಗುವ ಹಾಗೆ ಮಾಡಿ. ನೆಲ ಮುಟ್ಟಿದ್ದು ಬೇಗ ಕೊಳೆಯುತ್ತದೆ, ಅಂತರದಲ್ಲಿ ನಿಂತದ್ದು ಒಣಗುತ್ತದೆ. ಮನೆ, ರಸ್ತೆ, ಜಾಗದ ಅಂಚಿನ ಪಟ್ಟಿಯಲ್ಲಿ ಸಣ್ಣ ಕಟ್ಟಿಗೆ ಪೂರ್ತಿ ತೆಗೆಯಿರಿ. ಮನೆಯವರಿಗೆ ಸೌದೆ ಬೇಕಾದರೆ ಅದು ಇಲ್ಲಿಂದ ಬರಲಿ. ಬೆಂಕಿ ತಡೆಯಲು ಬಿಟ್ಟ ಪಟ್ಟಿಗೆ ಅಡ್ಡಲಾಗಿ ದಿಮ್ಮಿ ಬಿದ್ದಿದ್ದರೆ ಆ ತುಂಡನ್ನು ಕತ್ತರಿಸಿ ಪಕ್ಕಕ್ಕೆ ಉರುಳಿಸಿ. ಎಲ್ಲ ಕಟ್ಟಿಗೆಯನ್ನು ಒಂದೇ ಕಡೆ ರಾಶಿ ಹಾಕಬೇಡಿ. ನೋಡಲು ಚೊಕ್ಕಟ ಅನಿಸುತ್ತದೆ ಅಷ್ಟೇ. ಬೆಂಕಿಗೆ ಅದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೊಂದಿಲ್ಲ.

ಹಾವು ಬರುತ್ತದಾ? ಬರಬಹುದು. ದಿಮ್ಮಿಯಡಿ ಇಲಿ, ಕಪ್ಪೆ, ಹಲ್ಲಿ ಇದ್ದ ಕಡೆ ಹಾವೂ ಇರುತ್ತದೆ, ಕಾಡಿನಲ್ಲಿ ಅದು ಇರುವುದೇ ಸರಿ. ಮನೆಯ ಸುತ್ತ, ಮಕ್ಕಳು ಆಡುವ ಕಡೆ ದಿಮ್ಮಿ ಬೇಡ. ದಿಮ್ಮಿಯಡಿ ಬರಿಗೈ ಹಾಕಬೇಡಿ. ಉರುಳಿಸಲೇಬೇಕಾದರೆ ಆಚೆ ಬದಿ ಹಿಡಿದು ನಿಮ್ಮ ಕಡೆಗೆ ಉರುಳಿಸಿ. ಒಳಗೇನಿದ್ದರೂ ಅದು ಆ ಕಡೆ ಹೋಗುತ್ತದೆ, ನಡುವೆ ದಿಮ್ಮಿ ಅಡ್ಡ ಇರುತ್ತದೆ.

ನಿಜ ಹೇಳಬೇಕೆಂದರೆ, ನಿಮ್ಮ ಪಟ್ಟಿಯಲ್ಲಿರುವ ನಾಲ್ಕಕ್ಕಿಂತ ನನಗೆ ಜಾಸ್ತಿ ಕಳವಳ ಇರುವುದು ಕಾಲುದಾರಿ ಪಕ್ಕದ ಆ ಒಣಮರದ ಬಗ್ಗೆ. ಒಣಮರ ಬಿರುಗಾಳಿಗೇ ಬೀಳಬೇಕು ಅಂತಿಲ್ಲ. ಗಾಳಿಯಿಲ್ಲದ ಹೊತ್ತಲ್ಲೂ ಕೊಂಬೆ ಕಳಚಿ ಬೀಳುತ್ತದೆ. ಮರದ ಎತ್ತರದ ಒಂದೂವರೆ ಪಟ್ಟು ದೂರದೊಳಗೆ ಜನ ಓಡಾಡುವ ದಾರಿ, ಮನೆ, ವಿದ್ಯುತ್ ತಂತಿ ಇದ್ದರೆ ಅದನ್ನು ಹಾಗೇ ಬಿಡಬಾರದು. ಆದರೆ ಬುಡಸಮೇತ ಕಡಿಯುವುದೊಂದೇ ದಾರಿಯಲ್ಲ. ಸಾಧ್ಯವಾದರೆ ಕಾಲುದಾರಿಯನ್ನೇ ಸ್ವಲ್ಪ ತಿರುಗಿಸಿ, ನನ್ನ ಮೊದಲ ಆಯ್ಕೆ ಇದು. ಆಗದಿದ್ದರೆ ಮೇಲಿನ ಭಾಗ ಕಡಿಸಿ ಮೂರರಿಂದ ಐದು ಮೀಟರ್ ಎತ್ತರದ ಬೊಡ್ಡೆ ಉಳಿಸಿಕೊಳ್ಳಿ. ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಮರ ಕಟಾವು ಮಾಡುವಾಗಲೇ ಹೀಗೆ ಎತ್ತರದ ಬೊಡ್ಡೆಗಳನ್ನು ಬೇಕಂತಲೇ ಬಿಡುತ್ತಾರೆ. ಮರಕುಟಿಗ, ದುಂಬಿಗಳಿಗೆ ಅದೂ ಉಪಯೋಗಕ್ಕೆ ಬರುತ್ತದೆ. ಕಡಿದ ಮೇಲ್ಭಾಗ ಪಕ್ಕದಲ್ಲೇ ಮಲಗಿರಲಿ. ಈ ಕೆಲಸವನ್ನು ನೀವಾಗಿಯೇ ಮಾಡಬೇಡಿ. ಕುಂಬಾದ ಮರ ಕಡಿಯುವಾಗ ಯಾವ ಕಡೆ ಮುರಿಯುತ್ತದೆ ಅಂತ ಅನುಭವಿಗಳಿಗೂ ಹೇಳುವುದು ಕಷ್ಟ. ಕಡಿಯುವ ಮುಂಚೆ ಪೊಟರೆಯಲ್ಲಿ ಗೂಡು ಇದೆಯಾ ನೋಡಿಸಿ. ಇದ್ದರೆ ಮರಿ ಹಾರುವವರೆಗೆ ಕಾಯಿರಿ, ಅಲ್ಲಿಯವರೆಗೆ ಆ ದಾರಿ ಮುಚ್ಚಿಡಿ. ಇನ್ನೊಂದು ಒಣಮರ ಕಾಡಿನ ನಡುವೆ ಇದ್ದರೆ ಅದರ ಪಾಡಿಗೆ ಅದು ನಿಂತಿರಲಿ.

ಹಳ್ಳಕ್ಕೆ ಬಿದ್ದ ಮರದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಉತ್ತರ ಅಮೆರಿಕದಲ್ಲಿ ಒಂದು ಕಾಲಕ್ಕೆ ಮೀನಿನ ದಾರಿಗೆ ಅಡ್ಡ ಅಂತ ತೊರೆಗಳಿಂದ ಮರ ಎತ್ತಿಸುತ್ತಿದ್ದರು. ಆಮೇಲೆ ಅದೇ ತೊರೆಗಳಿಗೆ ದುಡ್ಡು ಕೊಟ್ಟು ಮತ್ತೆ ಮರ ಇಳಿಸಬೇಕಾಯಿತು. ದಿಮ್ಮಿ ಇದ್ದ ಕಡೆ ನೀರು ನಿಧಾನವಾಗುತ್ತದೆ, ಮಡು ಆಗುತ್ತದೆ, ಮೀನಿಗೆ ನೆರಳು ಸಿಗುತ್ತದೆ. ಕೆಳಗೆ ಹತ್ತಿರದಲ್ಲಿ ಮೋರಿ ಅಥವಾ ಸೇತುವೆ ಇಲ್ಲದಿದ್ದರೆ ಬಿಡಿ. ಇದ್ದರೆ ತೇಲಿಹೋಗಿ ಸಿಕ್ಕಿಕೊಳ್ಳುವ ತುಂಡುಗಳನ್ನು ಮಾತ್ರ ತೆಗೆಯಿರಿ.

ಎಷ್ಟು ಬಿಡಬೇಕು? ಯುರೋಪಿನ ಕಾಡುಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಸತ್ತ ಮರ ನೆಚ್ಚಿದ ಜೀವಿಗಳು ಚೆನ್ನಾಗಿ ಉಳಿಯಲು ಹೆಕ್ಟೇರಿಗೆ ಸಾಮಾನ್ಯವಾಗಿ 20ರಿಂದ 50 ಘನ ಮೀಟರ್ ಬೇಕು ಅಂತ ಕಂಡಿದೆ. ಪೋಲೆಂಡ್‌ನ ಬಿಯಾಲೋವಿಯೆಜಾದಂಥ ಹಳೆಯ ಕಾಡಿನ ಕಟ್ಟುನಿಟ್ಟಾಗಿ ಕಾಯ್ದ ಭಾಗದಲ್ಲಿ ಅದು ಸರಾಸರಿ 100 ದಾಟುತ್ತದೆ. ನಲವತ್ತು ಸೆಂಟಿಮೀಟರ್ ದಪ್ಪ, ಹತ್ತು ಮೀಟರ್ ಉದ್ದದ ಒಂದು ದಿಮ್ಮಿ ಅಂದರೆ ಸುಮಾರು 1.25 ಘನ ಮೀಟರ್. ಹೆಕ್ಟೇರಿಗೆ 30 ಅಂತ ಇಟ್ಟುಕೊಂಡರೂ ನಿಮ್ಮ ಆರು ಎಕರೆಗೆ ಅಂಥ ದಿಮ್ಮಿ ಅರವತ್ತರ ಹತ್ತಿರ ಬೇಕು. ನಿಮ್ಮಲ್ಲಿ ಬಿದ್ದಿರುವುದು ಹತ್ತಿಪ್ಪತ್ತು ಮರ. ಅಂದರೆ ನಿಮ್ಮ ಕಾಡಿನಲ್ಲಿ ಸತ್ತ ಮರ ಜಾಸ್ತಿ ಆಗಿಲ್ಲ, ಇನ್ನೂ ಕಡಿಮೆಯೇ ಇದೆ. ದಪ್ಪದ ಲೆಕ್ಕವನ್ನೂ ಮರೆಯಬೇಡಿ. ಉದ್ದ ಒಂದೇ ಆದರೆ, ಅರವತ್ತು ಸೆಂಟಿಮೀಟರ್ ದಪ್ಪದ ಒಂದು ದಿಮ್ಮಿ ಇಪ್ಪತ್ತು ಸೆಂಟಿಮೀಟರ್‌ನ ಒಂಬತ್ತಕ್ಕೆ ಸಮ. ಅದು ಬೇಗ ಒಣಗುವುದಿಲ್ಲ, ಬೇಗ ಕರಗುವುದೂ ಇಲ್ಲ.

ಈ ಅಂಕಿ ಎಲ್ಲ ಕಡೆಗೂ ಹಾಗೇ ಹೊಂದುವುದಿಲ್ಲ. ಆರು ಖಂಡಗಳ 55 ಕಾಡುಗಳಲ್ಲಿ ನಡೆದ ಒಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅದರಲ್ಲಿ ಇಟ್ಟ ಸಣ್ಣ ಮರದ ತುಂಡುಗಳು ಉಷ್ಣವಲಯದಲ್ಲಿ ವರ್ಷಕ್ಕೆ ಸುಮಾರು ಶೇ 28ರಷ್ಟು ತೂಕ ಕಳೆದುಕೊಂಡವು. ಸಮಶೀತೋಷ್ಣ ಕಾಡಿನಲ್ಲಿ ಅದು ಶೇ 6ರ ಹತ್ತಿರ, ಉತ್ತರದ ಚಳಿ ಕಾಡಿನಲ್ಲಿ ಶೇ 3ರ ಹತ್ತಿರ. ಬಿಸಿ ಪ್ರದೇಶದಲ್ಲಿ ಒಂದು ಸಲ ಬಿಟ್ಟರೆ ಸಾಲದು. ಹಳೆಯದು ಕರಗುವ ಹೊತ್ತಿಗೆ ಹೊಸದು ಬೀಳುತ್ತಿರಬೇಕು.

ಮಾರುವ ಪ್ರಶ್ನೆಗೆ ಬರೋಣ. ನಿಮಗೆ ಹಣದ ಅಗತ್ಯ ಇದ್ದರೆ ಅದರಲ್ಲಿ ತಪ್ಪೇನಿಲ್ಲ, ಆಗ ನೆಡುತೋಪಿನ ಸಾಧಾರಣ ದಪ್ಪದ ಮರಗಳಲ್ಲಿ ಕೆಲವನ್ನು ಕೊಡಿ. ನಿಮ್ಮ ಕಾಡಿಗೆ ಯಾವ ಕಾನೂನು ಅನ್ವಯಿಸುತ್ತದೆ ಅಂತ ಮೊದಲು ಕೇಳಿಕೊಳ್ಳಿ. ಬಿರುಗಾಳಿ, ಬೆಂಕಿ, ಹುಳದಿಂದ ಹಾನಿಯಾದ ಕಾಡುಗಳ ಮಾಹಿತಿ ಒಟ್ಟುಗೂಡಿಸಿದ 2020ರ ಒಂದು ಅಧ್ಯಯನ ಹೀಗೆ ಹೇಳುತ್ತದೆ: ಅಂಥ ಜಾಗಕ್ಕೇ ವಿಶಿಷ್ಟವಾದ ಜಾತಿಗಳಲ್ಲಿ ಶೇ 90ನ್ನು ಉಳಿಸಿಕೊಳ್ಳಬೇಕಾದರೆ ಹಾನಿಯಾದ ಜಾಗದಲ್ಲಿ ಸುಮಾರು ಮುಕ್ಕಾಲು ಭಾಗವನ್ನು ಮುಟ್ಟದೆ ಬಿಡಬೇಕು. ಅರ್ಧ ಬಿಟ್ಟರೆ ಸುಮಾರು ಶೇ 73 ಉಳಿಯುತ್ತವೆ. ಹಾಗಾಗಿ ಕೊಡುವುದಾದರೂ ಕಾಲು ಭಾಗ ಮೀರಬೇಡಿ, ಹಳೆಯ ಭಾಗದ್ದು ಮುಟ್ಟಬೇಡಿ. ಮರ ಎಳೆಯಲು ಬರುವ ಯಂತ್ರ ನಿಮ್ಮ ಸಸಿಗಳ ಮೇಲೆ ಹಾಯದ ಹಾಗೆ ದಾರಿ ಮೊದಲೇ ಗುರುತಿಸಿ ಕೊಡಿ. ಎಷ್ಟೋ ಕಡೆ ಮರ ಹೋದದ್ದಕ್ಕಿಂತ ಯಂತ್ರ ಮಣ್ಣು ಗಟ್ಟಿ ಮಾಡಿದ್ದರಿಂದಲೇ ಜಾಸ್ತಿ ನಷ್ಟ ಆಗುವುದನ್ನು ನೋಡಿದ್ದೇನೆ.

ಕೊನೆಯದಾಗಿ, ಬಿರುಗಾಳಿಗೆ ಕಾಯದೆ ನೀವೇ ಒಣಮರ ಮಾಡಿಕೊಳ್ಳುವ ದಾರಿಯೂ ಇದೆ. ನೆಡುತೋಪಿನ ಮರ ಹೇಗೂ ವಿರಳ ಮಾಡಬೇಕಲ್ವಾ? ಎಲ್ಲವನ್ನೂ ಕಡಿಯುವ ಬದಲು ಕೆಲವು ದಪ್ಪ ಮರಗಳ ಕಾಂಡದ ಸುತ್ತ ತೊಗಟೆಯನ್ನು ಒಂದು ಪಟ್ಟಿಯಾಗಿ, ಅದರಡಿಯ ಹಸಿ ಪದರವೂ ಹೋಗುವ ಹಾಗೆ ಕೆತ್ತಿ. ಮರ ನಿಧಾನವಾಗಿ ನಿಂತಲ್ಲೇ ಒಣಗುತ್ತದೆ. ಮೇಲಿನಿಂದ ಬೆಳಕು ಒಮ್ಮೆಲೇ ಬೀಳದೆ ಸ್ವಲ್ಪ ಸ್ವಲ್ಪವಾಗಿ ಇಳಿಯುವುದರಿಂದ ಕೆಳಗಿನ ಸಸಿಗಳಿಗೂ ಒಳ್ಳೆಯದು, ಕಳೆಯೂ ಮುಗಿಬೀಳುವುದಿಲ್ಲ. ದಾರಿ, ಮನೆಯಿಂದ ದೂರದ ಮರಗಳನ್ನೇ ಆರಿಸಿಕೊಳ್ಳಿ. ಒಂದೇ ವರ್ಷ ಎಲ್ಲ ಮಾಡಬೇಡಿ, ವರ್ಷಕ್ಕೆ ಎಕರೆಗೆ ಒಂದೆರಡು ಸಾಕು. ಕೆಲವು ಜಾತಿಗಳು ಕೆತ್ತಿದ ಜಾಗದ ಕೆಳಗೆ ಮತ್ತೆ ಚಿಗುರುತ್ತವೆ. ವಿಲೋ, ಪಾಪ್ಲರ್‌ನಂಥ ಮರಗಳ ಹಸಿ ತುಂಡು ನೆಲಕ್ಕೆ ಬಿದ್ದರೂ ಬೇರು ಬಿಡುತ್ತದೆ. ನಿಮ್ಮ ನೆಡುತೋಪಿನ ಜಾತಿಗೆ ಆ ಗುಣ ಇದೆಯಾ ಅಂತ ಮೊದಲು ಒಂದೇ ಮರದಲ್ಲಿ ಮಾಡಿ, ಒಂದು ವರ್ಷ ನೋಡಿ. ಚಿಗುರು ಬಂದರೆ ಮುರಿದು ಹಾಕುತ್ತಿರಿ. ಬಾರದಿದ್ದರೆ ಮುಂದಿನ ವರ್ಷ ಉಳಿದವಕ್ಕೆ ಕೈ ಹಾಕಿ.